ಊಟ ಮುಗಿಯುವ ತನಕ ಚಿತ್ರ ಕೆಡಬಾರದು

ನನ್ನ ಗಂಡ ಟಿವಿ ಮೆಕ್ಯಾನಿಕ್. ಈಗಲ್ಲ. ಈಗ ಅವರು ಬಲಗೈ ಬಲಗಾಲು ಸತ್ತು ಮಂಚದ ಮೇಲೆ ಒರಗಿಕೊಂಡಿರುವ ಒಬ್ಬ ಮುದುಕ, ನಾನು ಅವರ ಬಾಯಿಗೆ ಗಂಜಿ ಹಾಕುವ ಮುದುಕಿ. ಹಾಕುತ್ತಿದ್ದ ಮುದುಕಿ ಎಂದು ಬರೆಯಬೇಕು. ಅದನ್ನೇ ಬರೆಯಲು ಕೂತದ್ದು.

ಅವರ ಅಂಗಡಿ ಗಲ್ಫಿನ ಈ ಊರಿನ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಅಂಗಡಿ ಎಂದರೆ ಟಯರ್ ಅಂಗಡಿಗೂ ವೆಲ್ಡಿಂಗ್ ಶಾಪಿಗೂ ನಡುವಿನ ಒಂದು ಸಂದು. ಮೇಲೆ ತಗಡು, ಒಳಗೆ ಒಂದು ಉದ್ದನೆಯ ಮೇಜು, ಮೇಜಿನ ತುಂಬ ಬೆನ್ನು ಬಿಚ್ಚಿದ ಟಿವಿಗಳು. ಸುತ್ತಮುತ್ತಲ ಕ್ಯಾಂಪಿನ ಕೆಲಸಗಾರರೇ ಗಿರಾಕಿಗಳು. ಒಂದು ಕೋಣೆಯಲ್ಲಿ ಮಲಗುವವರೆಲ್ಲ ಸೇರಿ ಒಂದು ಹಳೆಯ ಸೆಟ್ ಕೊಳ್ಳುತ್ತಿದ್ದರು. ಅದು ಕೆಟ್ಟರೆ ಶುಕ್ರವಾರವೇ ಹೊತ್ತು ತರಬೇಕು, ಉಳಿದ ದಿನ ಕಂಪನಿ ಬಸ್ಸು ಅವರನ್ನು ಬೆಳಕು ಹರಿಯುವ ಮುಂಚೆಯೇ ಸೈಟಿಗೆ ಒಯ್ಯುತ್ತದೆ. ರಿಪೇರಿಯಾದ ಸೆಟ್ ಕೋಣೆಗೆ ಹೋಗಿ ಮತ್ತೆ ಕೆಟ್ಟರೆ ಅವರ ಇನ್ನೊಂದು ಶುಕ್ರವಾರ ಹಾಳು. ವಾರಕ್ಕೆ ಇರುವುದೇ ಒಂದು ರಜೆ.

ಅದಕ್ಕೇ ನನ್ನ ಗಂಡ ಒಂದು ಕ್ರಮ ಇಟ್ಟುಕೊಂಡಿದ್ದರು. ಸೆಟ್ ಸರಿಯಾದ ಮೇಲೆ ಅದನ್ನು ಮೇಜಿನ ತುದಿಗಿಟ್ಟು, ಆನ್ ಮಾಡಿ, ಅದರ ಎದುರಿಗೆ ಊಟಕ್ಕೆ ಕೂರುವುದು. ಮೊದಲ ತುತ್ತಿನಿಂದ ಕೊನೆಯ ತುತ್ತಿನ ತನಕ ಚಿತ್ರ ಕೆಡದಿದ್ದರೆ ಸೆಟ್ ಪಾಸು. ನಡುವೆ ಚಿತ್ರ ಹೋಯಿತೋ, "ಮಾಫಿ" ಎನ್ನುತ್ತಿದ್ದರು. ಇಲ್ಲ ಎನ್ನುವುದಕ್ಕೆ ಇಲ್ಲಿಯ ಅರಬಿ ಮಾತು ಅದು, ನಾವೆಲ್ಲ ಆಡುತ್ತೇವೆ. ಮಾಫಿ ಎಂದವರೇ ಕ್ಯಾರಿಯರ್ ಮುಚ್ಚಿ, ಕೈ ತೊಳೆದು, ಸೆಟ್ಟಿನ ಬೆನ್ನು ಬಿಚ್ಚುತ್ತಿದ್ದರು. ಅರ್ಧ ಊಟ ಮನೆಗೆ ವಾಪಸು ಬರುತ್ತಿತ್ತು. ಸಂಜೆ ಕ್ಯಾರಿಯರ್ ಎತ್ತಿ ನೋಡಿದರೇ ಸಾಕು, ಆ ದಿನದ ಸೆಟ್ ಹೇಗಿತ್ತು ಎಂದು ನನಗೆ ಗೊತ್ತಾಗುತ್ತಿತ್ತು.

ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಸಲ ಅಂಗಡಿಗೆ ಹೋಗಿ ಅವರು ಊಟ ಮಾಡುವುದನ್ನು ನೋಡಿದೆ. ಕಣ್ಣು ಟಿವಿಯಲ್ಲಿ, ಕೈ ಮಾತ್ರ ಬಾಯಿಗೆ ಹೋಗುತ್ತಿತ್ತು. ಬಂಗುಡೆ ಮೀನೋ ಬದನೆಯೋ ಎಂಬ ಜ್ಞಾನವೂ ಇರಲಿಲ್ಲ. ನನಗೆ ಸಿಟ್ಟು ಬಂತು.

"ನಾಳೆ ಮಣ್ಣು ಬೇಯಿಸಿ ಕಳಿಸಿದ್ರೂ ನೀವು ತಿಂತೀರಿ," ಎಂದೆ.

"ಉಪ್ಪು ಹಾಕಿ ಕಳಿಸು," ಎಂದರು. ಕಣ್ಣು ತೆಗೆಯಲಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಕನ್ನಡ ಕೂಡಿಸಿ ಓದುತ್ತೇನೆ, ಬರೆಯುತ್ತೇನೆ. ಇಂಗ್ಲಿಷ್, ಅರಬಿ ಓದಲು ಬರುವುದಿಲ್ಲ. ಮನೆ ಮಾತು ತುಳು. ಊರು ಮಂಗಳೂರಿನ ಹತ್ತಿರ, ಅದರ ಸುದ್ದಿ ಇಲ್ಲಿ ಬೇಡ. ಮಗಳು ಒಬ್ಬಳೇ, ಇಲ್ಲಿಯೇ ಹುಟ್ಟಿದವಳು. ವೆಸ್ಟ್ ಬೇಯ ಒಂದು ಗಾಜಿನ ಕಟ್ಟಡದಲ್ಲಿ ಅಕೌಂಟ್ಸ್ ಕೆಲಸ. ನಾವಿಬ್ಬರೂ ಈಗ ಇರುವುದು ಅವಳ ವೀಸಾದ ಮೇಲೆ. ಮದುವೆ ಆಗಿಲ್ಲ. ಕೇಳಿದವರಿಗೆಲ್ಲ ಉತ್ತರ ಕೊಟ್ಟು ನನಗೆ ಸಾಕಾಗಿದೆ. ಮೂವರೂ ಒಂದು ಹಳೆಯ ವಿಲ್ಲಾದ ಹಿಂಭಾಗದಲ್ಲಿ ಇದ್ದೇವೆ. ದೊಡ್ಡ ಮನೆಯನ್ನು ಪ್ಲೈವುಡ್ ಗೋಡೆ ಹಾಕಿ ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದಾರೆ. ಈಚೆ ತುಂಡಿನಲ್ಲಿ ನಾವು, ಗೋಡೆಯಾಚೆ ಉಡುಪಿ ಕಡೆಯ ಒಬ್ಬ. ಅವನು ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಗುತ್ತಿಗೆ ಕೆಲಸಗಾರ. ಡ್ಯೂಟಿ ಬಂದರೆ ಅಲ್ಲಿಯ ಕ್ಯಾಂಪಿನಲ್ಲೇ ಉಳಿಯುತ್ತಾನೆ, ಮುಗಿದ ಮೇಲೆ ಇಲ್ಲಿಗೆ ಬಂದು ಮಲಗುತ್ತಾನೆ. ತಲೆ ನರೆತಿದೆ, ಮಕ್ಕಳು ಊರಿನಲ್ಲಿ ಕಾಲೇಜು ಓದುತ್ತಿದ್ದಾರೆ. ನನ್ನನ್ನು ಅಕ್ಕಾ ಎನ್ನುತ್ತಾನೆ.

ಟೆರೇಸಿನ ಮೇಲೆ ನನ್ನ ಗಂಡ ಕಟ್ಟಿದ ಆಂಟೆನಾ ಇತ್ತು. ಉಳಿದವರೆಲ್ಲ ಡಿಶ್ ಹಾಕಿಸಿಕೊಂಡ ಮೇಲೂ ಅವರು ಹಾಕಿಸಲಿಲ್ಲ. ಆಂಟೆನಾದ ಮೇಲೆ ಅವರಿಗೆ ಹೆಂಡತಿ ಮೇಲೆ ಇಲ್ಲದ ಪ್ರೀತಿ. ಇಲ್ಲಿ ಬೇಸಿಗೆಯ ಕೊನೆಗೆ ಗಾಳಿ ಸತ್ತು, ಸಮುದ್ರದ ಮೇಲೆ ಹಬೆ ಕಟ್ಟಿ, ಕಿಟಕಿಯ ಗಾಜು ಹೊರಗಿನಿಂದ ಬೆವರುವ ದಿನಗಳು ಬರುತ್ತವೆ. ಆ ದಿನಗಳಲ್ಲಿ ಅವರು ಮೇಲೆ ಹತ್ತಿ ಆಂಟೆನಾವನ್ನು ಇಲ್ಲಿಯ ಟಿವಿ ಟವರಿನ ಕಡೆಯಿಂದ ಸಮುದ್ರದ ಕಡೆಗೆ ತಿರುಗಿಸುತ್ತಿದ್ದರು. ಸಮುದ್ರದ ಮೇಲೆ ಗಾಳಿ ಮುಚ್ಚಳದ ಹಾಗೆ ಕೂತುಬಿಡುತ್ತದೆ, ಅದರ ಅಡಿಯಿಂದ ಆಚೆ ದಡದ ಚಿತ್ರಗಳೆಲ್ಲ ಜಾರಿಕೊಂಡು ಬರುತ್ತವೆ ಎನ್ನುತ್ತಿದ್ದರು. ಬರುತ್ತಿದ್ದವು. ಬಹರೇನಿನದು, ದುಬೈಯದು, ಇರಾನಿನದು. ವಿಲ್ಲಾದ ಮಲಯಾಳಿಗಳು, ನಮ್ಮ ಕಡೆಯವರು ಎಲ್ಲ ನಮ್ಮ ಕೋಣೆಯಲ್ಲಿ ಸೇರುತ್ತಿದ್ದರು. ಒಂದು ಸಲ ಹಿಂದಿ ವಾರ್ತೆಯೇ ಬಂತು, ಬೊಂಬಾಯಿ ಕಡೆಯದಿರಬೇಕು. ಇರುವೆ ಮುತ್ತಿದ ಚಿತ್ರದೊಳಗೆ ಒಬ್ಬಳು ಸೀರೆಯವಳು ಕೂತಿದ್ದಳು. ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದೆವು. ಅವಳು ಈರುಳ್ಳಿ ಬೆಲೆ ಹೇಳಿ ಮಾಯವಾದಳು.

ಆಮೇಲೆ ಹಳೆಯ ರೀತಿಯ ಪ್ರಸಾರ ನಿಲ್ಲಿಸಿದರು. ಎಲ್ಲ ಡಿಜಿಟಲ್ ಆಯಿತು. ಆಂಟೆನಾ ಅದೇ, ಆದರೆ ನಡುವೆ ಒಂದು ಪೆಟ್ಟಿಗೆ ಬೇಕು, ಇಲ್ಲದಿದ್ದರೆ ಬರೀ ಕಪ್ಪು. ನನ್ನ ಗಂಡ ಒಂದು ಪೆಟ್ಟಿಗೆ ತಂದು ತಮ್ಮ ಹಳೆಯ ಹೊಟ್ಟೆ ದೊಡ್ಡ ಸೆಟ್ಟಿಗೆ ಸಿಕ್ಕಿಸಿದರು. ಚಿತ್ರ ತೊಳೆದಿಟ್ಟ ಹಾಗೆ ಬಂತು. ನಾನು ಚಂದ ಉಂಟಲ್ಲ ಎಂದೆ. ಅವರಿಗೆ ಖುಷಿ ಆಗಲಿಲ್ಲ. ಮೊದಲು ಚಿತ್ರದಲ್ಲಿ ಇರುವೆ ಬಂದರೆ ಇಂಥದ್ದು ಕೆಟ್ಟಿದೆ, ಚಿತ್ರ ಜಾರಿದರೆ ಇಂಥದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಇದರಲ್ಲಿ ಒಂದೋ ಪೂರ್ತಿ ಬರುತ್ತದೆ, ಇಲ್ಲವೋ ಚೌಕ ಚೌಕವಾಗಿ ಒಡೆದು ಹೆಪ್ಪುಗಟ್ಟಿ ಹೋಗಿಬಿಡುತ್ತದೆ.

"ಇದಕ್ಕೆ ಕಾಯಿಲೆ ಬರುವುದಿಲ್ಲ ಮಾರಾಯ್ತಿ," ಎಂದರು. "ಸಾಯುವುದು ಮಾತ್ರ."

ಅಂಗಡಿಗೂ ಹಾಗೇ ಆಯಿತು. ಕ್ಯಾಂಪಿನವರೆಲ್ಲ ಮೊಬೈಲಿನಲ್ಲಿ ನೋಡತೊಡಗಿದರು. ಚಪ್ಪಟೆ ಟಿವಿ ಕೆಟ್ಟರೆ ಎಸೆಯುತ್ತಾರೆ, ಯಾರೂ ಹೊತ್ತು ತರುವುದಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತರು. ಆಗಾಗ ಚಾನೆಲ್ಲುಗಳು ಜಾಗ ಬದಲಿಸುತ್ತವೆ, ಆಗ ಪೆಟ್ಟಿಗೆಯಿಂದ ಮತ್ತೆ ಹುಡುಕಿಸಬೇಕು. ಅದನ್ನು ನನಗೂ ಕಲಿಸಿದರು. ಇಂಗ್ಲಿಷ್ ಓದಲು ಬಾರದ್ದರಿಂದ ರಿಮೋಟಿನ ಗುಂಡಿಗಳ ಮೇಲೆ ಮಗಳ ನೇಲ್ ಪಾಲಿಶಿನ ಚುಕ್ಕೆ ಇಟ್ಟುಕೊಟ್ಟರು. ಕೆಂಪು ಚುಕ್ಕೆ ಮೊದಲು, ಕಂದು ಚುಕ್ಕೆ ಆಮೇಲೆ, ಏನಾದರೂ ಕೇಳಿದರೆ ನಡುವಿನದನ್ನು ಒತ್ತು. ನಡುವಿನದು ಓಕೆ.

ಕಲಿಸಿದ್ದು ಒಳ್ಳೆಯದಾಯಿತು ಎಂದುಕೊಂಡಿದ್ದೆ, ಯಾಕೆಂದರೆ ಸ್ವಲ್ಪ ಕಾಲದಲ್ಲೇ ಅವರು ಬಚ್ಚಲಿನಲ್ಲಿ ಬಿದ್ದರು. ಮೆದುಳಿನಲ್ಲಿ ರಕ್ತ ಕಟ್ಟಿದೆ ಎಂದರು. ಜೀವ ಉಳಿಯಿತು, ಬಲಭಾಗ ಹೋಯಿತು, ಮಾತು ಹೋಯಿತು. ಒಂದೇ ಒಂದು ಮಾತು ಉಳಿಯಿತು, ಮಾಫಿ. ಚಹಾ ಬೇಕಾ, ಮಾಫಿ. ನೋವು ಉಂಟಾ, ಮಾಫಿ. ಇವಳು ಯಾರು, ಮಾಫಿ. ನಲವತ್ತು ವರ್ಷ ಸಂಸಾರ ಮಾಡಿ ಅದನ್ನು ಕೇಳಿಸಿಕೊಂಡೆ.

ಮನೆಗೆ ಕರೆತಂದ ಮೇಲೆ ಊಟದ ರಗಳೆ ಶುರುವಾಯಿತು. ಬಾಯಿ ತೆರೆಯುವುದಿಲ್ಲ. ಚಮಚ ತಂದರೆ ಹಲ್ಲು ಕಚ್ಚುತ್ತಾರೆ. ಡಾಕ್ಟರರು ಮಗಳಿಗೆ ಹೇಳಿದರು, ಬಾಯಿಂದ ತಿನ್ನದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕಾಗುತ್ತದೆ, ಈ ವಯಸ್ಸಿನಲ್ಲಿ ಹಾಕಿದ್ದನ್ನು ತೆಗೆಯುವುದು ಕಷ್ಟ. ಅಂಥ ಒಬ್ಬರನ್ನು ನಾನು ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿ ನೋಡಿದ್ದೆ. ಮನುಷ್ಯನಿಗೆ ಬಾಯಿ ರುಚಿಯೂ ಇಲ್ಲದ ಮೇಲೆ ಇನ್ನೇನು ಉಳಿಯಿತು. ನಳಿಗೆ ಬೇಡ ಎಂದು ನಾನು ಗಟ್ಟಿ ಮಾಡಿಕೊಂಡೆ. ಬೇರೆ ಏನನ್ನೂ ನಾನು ದೇವರ ಹತ್ತಿರ ಕೇಳಲಿಲ್ಲ. ಅವರು ನಡೆಯಲಿ, ಮಾತಾಡಲಿ ಎಂದು ಕೇಳಲಿಲ್ಲ. ಬಾಯಿಂದ ತಿಂದುಕೊಂಡು ಸಾಯಲಿ, ಅಷ್ಟು.

ಉಪಾಯ ಸಿಕ್ಕಿದ್ದು ನನ್ನ ಬುದ್ಧಿಯಿಂದ ಅಲ್ಲ. ಬೇಜಾರಾಗಿ ಒಂದು ಸಂಜೆ ಟಿವಿ ಹಾಕಿದೆ. ಇಲ್ಲಿಯ ಸರ್ಕಾರಿ ಚಾನೆಲ್, ಒಂಟೆಯೋ ಏನೋ ಓಡುತ್ತಿತ್ತು. ಅವರು ತಲೆ ಎತ್ತಿ ಸೆಟ್ಟನ್ನು ದಿಟ್ಟಿಸಿದರು. ಬಾಯಿ ತಾನಾಗಿ ತೆರೆಯಿತು. ಗಂಜಿ ಹಾಕಿದೆ, ನುಂಗಿದರು. ಮತ್ತೆ ತೆರೆದರು. ಬಟ್ಟಲು ಖಾಲಿಯಾಗುವವರೆಗೆ ಕಣ್ಣು ಕದಲಲಿಲ್ಲ. ಕೊನೆಯ ಚಮಚ ಆದ ಮೇಲೆ ಎಡಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿದರು. ಅಂಗಡಿಯಲ್ಲಿ ಪಾಸಾದ ಸೆಟ್ಟಿನ ತಲೆಯ ಮೇಲೆ ಹಾಗೆಯೇ ತಟ್ಟುತ್ತಿದ್ದರು. ಆಗ ನನಗೆ ಗೊತ್ತಾಯಿತು. ಅವರು ಊಟ ಮಾಡುತ್ತಿರಲಿಲ್ಲ. ಸೆಟ್ಟನ್ನು ಪರೀಕ್ಷೆ ಮಾಡುತ್ತಿದ್ದರು.

ನನಗೇನು, ಗಂಜಿ ಒಳಗೆ ಹೋದರೆ ಸಾಕು. ಅಂದಿನಿಂದ ಹಾಗೇ ನಡೆಯಿತು. ಚಿತ್ರ ಒಡೆದರೆ ಮಾತ್ರ ತೊಂದರೆ. ನಡುವೆ ಚೌಕ ಬಂದರೆ "ಮಾಫಿ" ಎಂದು ಬಾಯಿ ಮುಚ್ಚಿದರೆ ಮುಚ್ಚಿದ್ದೇ, ಆ ಹೊತ್ತಿಗೆ ಮುಗಿಯಿತು. ಎಡಗೈ ಸೆಟ್ಟಿನ ಹಿಂಭಾಗದ ಕಡೆ ಚಾಚುತ್ತಿತ್ತು. ಆದರೆ ಅಂಥದ್ದು ಅಪರೂಪ. ಚಾನೆಲ್ಲು ಜಾಗ ಬದಲಿಸಿದಾಗ ನಾನು ಚುಕ್ಕೆ ಒತ್ತಿ ಹುಡುಕಿಸುತ್ತಿದ್ದೆ. ಮಗಳು ನೋಡಿ, ಅಮ್ಮ ಟೆಕ್ನಿಶಿಯನ್ ಆದ್ಲು ಎಂದು ನಗಾಡುತ್ತಿದ್ದಳು. ಎರಡು ವರ್ಷ ಹೀಗೆ ಸಾಗಿತು. ಚೆನ್ನಾಗಿತ್ತು ಎನ್ನುವುದಿಲ್ಲ. ಸಾಗಿತು.

ಹೋದ ಬೇಸಿಗೆಯ ಕೊನೆಗೆ ಹಬೆಯ ದಿನಗಳು ಬಂದವು. ಆ ಸಲದಂಥ ಹಬೆಯನ್ನು ನಾನು ನೋಡಿರಲಿಲ್ಲ. ಒಗೆದ ಬಟ್ಟೆ ಹಗ್ಗದ ಮೇಲೆ ಒಣಗುವ ಬದಲು ಇನ್ನೂ ಒದ್ದೆಯಾಯಿತು. ಟಿವಿ ಚಿತ್ರ ಒಡೆಯತೊಡಗಿತು. ಮಧ್ಯಾಹ್ನ ಸರಿ ಇರುವುದು ಸಂಜೆಗೆ ಚೂರು ಚೂರು. ಅವರು ಅರ್ಧ ಬಟ್ಟಲು, ಕಾಲು ಬಟ್ಟಲು, ಆಮೇಲೆ ಎರಡೇ ಚಮಚಕ್ಕೆ ನಿಲ್ಲಿಸಿದರು. ಕೆನ್ನೆ ಒಳಗೆ ಹೋಯಿತು.

ನಮ್ಮ ಮನೆಯಲ್ಲಿ ಹಬೆ ಎಂದರೆ ಒಂದೇ ಅರ್ಥ, ಆಂಟೆನಾವನ್ನು ಸಮುದ್ರಕ್ಕೆ ತಿರುಗಿಸುವುದು. ಜೀವಮಾನವೆಲ್ಲ ನೋಡಿದ್ದು ಅದನ್ನೇ. ಪಕ್ಕದವನು ಡ್ಯೂಟಿ ಮುಗಿಸಿ ಬಂದಿದ್ದ. ಮೇಲೆ ಹತ್ತಿ ತಿರುಗಿಸಿಕೊಡು ಎಂದೆ. ಅವನು ತಲೆ ಕೆರೆದುಕೊಂಡ.

"ಅಕ್ಕಾ, ಅದೆಲ್ಲ ಹಳೇ ಕಾಲದ್ದು. ಈಗ ಡಿಜಿಟಲ್ ಅಲ್ವಾ."

"ಸಮುದ್ರ ಡಿಜಿಟಲ್ ಆಗಿದ್ಯಾ?" ಎಂದೆ. "ಹತ್ತು ಮೇಲೆ."

ಅವನು ನಗುತ್ತಾ ಹತ್ತಿದ. ಕಂಬದ ಬುಡದ ನಟ್ಟು ತುಕ್ಕು ಹಿಡಿದಿತ್ತಂತೆ, ಎಣ್ಣೆ ಬಿಟ್ಟು ಸಡಿಲ ಮಾಡಿ ತಿರುಗಿಸಿದ. ಮತ್ತೆ ಪೂರ್ತಿ ಬಿಗಿಯಾಗಲಿಲ್ಲ, ಸದ್ಯಕ್ಕೆ ತಂತಿ ಸುತ್ತಿದ್ದೇನೆ, ಮುಂದಿನ ಸಲ ಬಂದಾಗ ಹೊಸ ನಟ್ಟು ಹಾಕುತ್ತೇನೆ ಎಂದ. ನಾನು ಕೆಳಗೆ ಪೆಟ್ಟಿಗೆಯ ಎದುರು ಕೂತು ಕೆಂಪು ಚುಕ್ಕೆ ಒತ್ತಿದೆ, ಕಂದು ಚುಕ್ಕೆ ಒತ್ತಿದೆ. ಪೆಟ್ಟಿಗೆ ಏನೋ ಕೇಳಿತು, ಇಂಗ್ಲಿಷಿನಲ್ಲಿ ಒಂದು ಸಾಲು, ಅರಬಿಯಲ್ಲಿ ಒಂದು ಸಾಲು. ನಡುವಿನದನ್ನು ಒತ್ತಿದೆ.

ಬಂದವು ನೋಡಿ ಚಾನೆಲ್ಲುಗಳು. ಇಷ್ಟು ವರ್ಷದಲ್ಲಿ ಅಷ್ಟು ಬಂದದ್ದಿಲ್ಲ. ಆಚೆ ದಡದ ಊರುಗಳೆಲ್ಲ ಒಟ್ಟಿಗೆ ಬಂದು ಕೂತವು, ಒಂದಕ್ಕಿಂತ ಒಂದು ಚೊಕ್ಕ, ಒಂದು ಇರುವೆ ಇಲ್ಲ. ಯಾವುದೋ ದೇಶದ ಅಡುಗೆ ಕಾರ್ಯಕ್ರಮ ಹಾಕಿದೆ. ನನ್ನ ಗಂಡ ಅಂದು ಒಂದೂವರೆ ಬಟ್ಟಲು ಗಂಜಿ, ಮೇಲೆ ಮೆತ್ತಗಿನ ಬಾಳೆಹಣ್ಣು ತಿಂದರು. ಮಂಚದ ಪಟ್ಟಿಯನ್ನು ಎರಡು ಸಲ ತಟ್ಟಿದ್ದಲ್ಲದೆ ನನ್ನ ಮೊಣಕೈಯನ್ನೂ ತಟ್ಟಿದರು. ಪಕ್ಕದವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅಕ್ಕಾ, ನೀವೂ ಪಾಸು ಎಂದ. ಮಾರನೆಯ ಬೆಳಿಗ್ಗೆ ಕಂಪನಿ ಬಸ್ಸು ಹತ್ತಿ ರಾಸ್ ಲಫಾನಿಗೆ ಹೋದ.

ಅದರ ಮಾರನೆ ದಿನ ಗಾಳಿ ಎದ್ದಿತು. ಉತ್ತರದ ಕಡೆಯಿಂದ ಬೀಸುವ ಒಣಗಾಳಿ, ಶಮಾಲ್ ಎನ್ನುತ್ತಾರೆ. ಅದು ಬಂದರೆ ಹಬೆ ಹರಿದು ಹೋಗುತ್ತದೆ, ಆಕಾಶ ಮಣ್ಣಿನ ಬಣ್ಣ ಆಗುತ್ತದೆ. ಬೆಳಿಗ್ಗೆ ಟಿವಿ ಹಾಕಿದರೆ ಚಿತ್ರ ಇಲ್ಲ. ಯಾವ ನಂಬರು ಒತ್ತಿದರೂ ನೀಲಿ ಪರದೆ, ಅದರಲ್ಲೊಂದು ಸಾಲು. ಆಚೆ ದಡದವರೆಲ್ಲ ಹೋಗಿದ್ದರು. ಇಲ್ಲಿಯ ಚಾನೆಲ್ಲಾದರೂ ಬರಲಿ ಎಂದು ಅದರ ಹಳೆಯ ನಂಬರು ಒತ್ತಿದೆ, ಅಲ್ಲಿಯೂ ನೀಲಿ. ಚುಕ್ಕೆ ಒತ್ತಿ ಹುಡುಕಿಸಿದೆ. ಗೆರೆ ಎಡದಿಂದ ಬಲಕ್ಕೆ ನಿಧಾನ ಹೋಯಿತು, ತುದಿ ಮುಟ್ಟಿತು, ಏನೂ ಸಿಗಲಿಲ್ಲ. ಹೊರಗೆ ಬಂದು ಮೇಲೆ ನೋಡಿದರೆ ಆಂಟೆನಾವೇ ಇಲ್ಲ. ಕಂಬ ಬುಡಸಮೇತ ಮಗುಚಿ ಬಿದ್ದಿತ್ತು, ಟೆರೇಸಿನ ಕಟ್ಟೆಯ ಆಚೆ ಎರಡು ಕಡ್ಡಿ ಮಾತ್ರ ಕಾಣುತ್ತಿದ್ದವು.

ಅವರು ಅಂದು ಏನೂ ತಿನ್ನಲಿಲ್ಲ. ನೀಲಿ ಪರದೆಯನ್ನು ನೋಡುತ್ತಾ "ಮಾಫಿ" ಎಂದರು, ಸರಿಯಾಗಿಯೇ ಹೇಳಿದರು.

ಟೆರೇಸಿಗೆ ಹೋಗುವುದು ಗೋಡೆಗೆ ಹೊಡೆದ ಕಬ್ಬಿಣದ ಏಣಿಯಲ್ಲಿ. ಅರ್ಧ ಹತ್ತಿದೆ, ಮುಂದೆ ಆಗಲಿಲ್ಲ, ಇಳಿದೆ. ಪಕ್ಕದವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಪ್ಲಾಂಟಿನ ಒಳಗೆ ಮೊಬೈಲು ಒಯ್ಯಲು ಬಿಡುವುದಿಲ್ಲ, ಹೊರಗಿನವರು ಗೇಟಿನ ಹತ್ತಿರವೂ ಸುಳಿಯುವ ಹಾಗಿಲ್ಲ, ಅವನೂ ಡ್ಯೂಟಿ ಮುಗಿಯದೆ ಬರುವ ಹಾಗಿಲ್ಲ. ಸಂಜೆ ಮಗಳು ಬಂದು ಅಲ್ಲಿ ಇಲ್ಲಿ ಫೋನ್ ಹಚ್ಚಿದಳು. ಡಿಶ್ ಹಾಕುವವರು ಬೇಕಾದಷ್ಟಿದ್ದಾರೆ, ಆಂಟೆನಾ ಎಂದರೆ ಎಲ್ಲರೂ ನಗುತ್ತಾರೆ. ಡಿಶ್ಶಿಗೆ ವಿಲ್ಲಾದ ಯಜಮಾನ ಒಪ್ಪುವುದಿಲ್ಲ, ಟೆರೇಸಿನಲ್ಲಿ ಇನ್ನು ಏನನ್ನೂ ನೆಡಬಾರದು ಎಂದು ಮೊದಲೇ ಹೇಳಿದ್ದಾನೆ. ಆಂಟೆನಾ ಕಟ್ಟುವ ಕೆಲಸ ಗೊತ್ತಿದ್ದವರು ಈ ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೋ. ಒಬ್ಬರು ನಮ್ಮ ಮಂಚದ ಮೇಲೆಯೇ ಇದ್ದರು.

ಮಗಳು ಮರುದಿನ ಆಫೀಸಿನಿಂದ ಬರುವಾಗ ಒಂದು ದೊಡ್ಡ ಚಪ್ಪಟೆ ಟಿವಿ ತಂದಳು. ಇಂಟರ್ನೆಟ್ಟಿನಲ್ಲಿ ನಡೆಯುವಂಥದ್ದು.

"ಆಂಟೆನಾ ಬೇಡ, ಟ್ಯೂನಿಂಗ್ ಬೇಡ, ಅದೇ ಚಾನೆಲ್ ಲೈವ್ ಬರ್ತದೆ. ನೀನು ಇನ್ನು ಚುಕ್ಕೆ ಒತ್ತಿಕೊಂಡು ಕೂರುವುದು ಬೇಡ ಅಮ್ಮ. ಖಲಾಸ್."

ಬಂತು. ಅದೇ ಚಾನೆಲ್, ಅದೇ ಮಾತುಗಾರ. ಸಂಜೆ ಮಸೀದಿಯ ಬಾಂಗ್ ಅರ್ಧ ಆದ ಮೇಲೆ ಟಿವಿಯಲ್ಲಿ ಅದೇ ಬಾಂಗ್ ಶುರುವಾಯಿತು, ಇಂಟರ್ನೆಟ್ಟಿನದು ಸ್ವಲ್ಪ ಹಿಂದೆ ಬೀಳುತ್ತದಂತೆ. ನನ್ನ ಗಂಡ ಕಿಟಕಿಯನ್ನೂ ಟಿವಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಹುಬ್ಬು ಗಂಟಿಕ್ಕಿದರು. ಆದರೂ ಚಿತ್ರ ಕೆಡಲಿಲ್ಲವಲ್ಲ, ಬಾಯಿ ತೆರೆದರು. ಅರ್ಧ ಬಟ್ಟಲು ಹೋಯಿತು. ಮಗಳ ಮುಖ ಅರಳಿತು. ನೋಡಿದೆಯಾ ಎಂದಳು. ನೋಡಿದೆ ಎಂದೆ.

ಶುಕ್ರವಾರ ಸಂಜೆ ವಿಲ್ಲಾದವರೆಲ್ಲ ಮನೆಯಲ್ಲಿರುತ್ತಾರೆ. ಎಲ್ಲರೂ ಒಂದೇ ಇಂಟರ್ನೆಟ್ ಲೈನಿನಲ್ಲಿ ಊರಿಗೆ ವಿಡಿಯೋ ಕಾಲ್ ಮಾಡುತ್ತಾರೆ. ಅಂದು ಗಂಜಿ ಶುರು ಮಾಡಿ ಮೂರೋ ನಾಲ್ಕೋ ಚಮಚ ಆಗಿತ್ತು. ಚಿತ್ರ ನಿಂತಿತು. ಮಾತುಗಾರ ಬಾಯಿ ಅರೆ ತೆರೆದುಕೊಂಡೇ ಉಳಿದ. ನಡುವೆ ಒಂದು ಚಕ್ರ ಸುತ್ತತೊಡಗಿತು. ನನ್ನ ಗಂಡನ ಬಾಯಲ್ಲಿ ಆಗಷ್ಟೇ ಹಾಕಿದ ಗಂಜಿ ಇತ್ತು. ಅವರು ಅದನ್ನು ನುಂಗಲಿಲ್ಲ, ಉಗುಳಲೂ ಇಲ್ಲ. ಮಾಫಿ ಎನ್ನಬೇಕೋ ಬೇಡವೋ ಎಂದು ತಿಳಿಯದವರ ಹಾಗೆ ಆ ಚಕ್ರವನ್ನೇ ನೋಡುತ್ತಾ ಕೂತರು. ಚಿತ್ರ ಹೋಗಿಲ್ಲ, ಇದೆ ಎನ್ನುವ ಹಾಗೂ ಇಲ್ಲ, ಚಕ್ರ ಸುತ್ತುತ್ತಲೇ ಇದೆ. ಅಂಥ ಕಾಯಿಲೆ ಅವರ ಮೇಜಿಗೆ ಬಂದಿರಲಿಲ್ಲ. ನುಂಗಿ ಎಂದು ನಾನು ಗಂಟಲು ನೀವಿದೆ. ಒಮ್ಮೆಲೇ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಮುಖ ಕಪ್ಪಿಟ್ಟಿತು. ಹೊರಗೆ ಬಂದದ್ದು ಸ್ವಲ್ಪ. ಉಳಿದದ್ದು ಹೋಗಬಾರದ ಕಡೆ ಹೋಗಿತ್ತು. ಬೆಳಿಗ್ಗೆ ಮೈ ಕೆಂಡ, ಎದೆಯಲ್ಲಿ ಗೊರಗೊರ. ಆಂಬುಲೆನ್ಸ್ ಬಂತು.

ಆಸ್ಪತ್ರೆಯಲ್ಲಿ ಶ್ವಾಸಕ್ಕೆ ಔಷಧ ಕೊಟ್ಟರು. ಜ್ವರ ಇಳಿಯಿತು. ಆಮೇಲೆ ನಳಿಗೆ ಹಾಕಿದರು. ಯಾರೂ ನನ್ನನ್ನು ಕೇಳಲಿಲ್ಲ, ಕೇಳಿದ್ದರೆ ಏನೆನ್ನುತ್ತಿದ್ದೆನೋ ಗೊತ್ತಿಲ್ಲ. ಮಲಯಾಳಿ ನರ್ಸ್ ಒಬ್ಬಳು ಸಿರಿಂಜಿನಲ್ಲಿ ಹಾಲಿನಂಥದ್ದನ್ನು ಹೊಯ್ಯುವುದು ಹೇಗೆ ಎಂದು ನನಗೆ ತೋರಿಸಿಕೊಟ್ಟಳು. ಕೈ ಇಷ್ಟು ಎತ್ತರಕ್ಕೆ ಹಿಡಿಯಬೇಕು, ತಾನಾಗಿ ಇಳಿಯಬೇಕು, ಒತ್ತಬಾರದು. ಬಾಯಿಗೆ ಏನೂ ಹಾಕಬಾರದು, ನೀರೂ ಕೂಡದು, ಒಂದು ಹನಿಯೂ ಕೂಡದು. ನುಂಗುವುದು ಅವರಿಗೆ ಮರೆತುಹೋಗಿದೆ, ಹಾಕಿದರೆ ಮತ್ತೆ ಎದೆಗೇ ಹೋಗುತ್ತದೆ, ಮುಂದಿನ ಸಲ ಉಳಿಯುವುದಿಲ್ಲ. ಹಿಂದಿಯಲ್ಲಿ ಒಮ್ಮೆ, ಮಲಯಾಳದಲ್ಲಿ ಒಮ್ಮೆ ಹೇಳಿದಳು. ನನಗೆ ಎರಡೂ ಅರ್ಥವಾಯಿತು. ಎಷ್ಟು ದಿನ ಎಂದು ಕೇಳಿದೆ. ಅವಳು ನಳಿಗೆಗೆ ಅಂಟಿಸಿದ ಪಟ್ಟಿಯನ್ನು ಸರಿಮಾಡಿದಳು.

ಮನೆಗೆ ಬಂದೆವು. ಮಗಳು ಚಪ್ಪಟೆ ಟಿವಿಯನ್ನು ತನ್ನ ಕೋಣೆಗೆ ಒಯ್ದಳು. ಅವಳು ತಂದದ್ದು ಅಪ್ಪ ತಿನ್ನಲಿ ಎಂದೇ. ನಾನು ಆಂಟೆನಾ ತಿರುಗಿಸಿದ್ದೂ ಅದಕ್ಕೇ.

ಹೊಸ ಗೋಳು ಏನೆಂದರೆ, ಸಿರಿಂಜ್ ಹಿಡಿದು ಕೂತ ಹೊತ್ತಿಗೆ ಅವರ ಎಡಗೈ ಮೂಗಿನ ಕಡೆ ಹೋಗುತ್ತದೆ. ನಳಿಗೆಯನ್ನು ಕಿತ್ತುಬಿಡುತ್ತಾರೆ. ಒಮ್ಮೆ ಕಿತ್ತಾಗ ಮತ್ತೆ ಆಸ್ಪತ್ರೆಗೆ ಓಡಿದೆವು. ಕೈಯನ್ನು ಮಂಚಕ್ಕೆ ಕಟ್ಟಿ ಎಂದು ಸಲಹೆ ಕೊಟ್ಟರು. ಉಳಿದಿರುವ ಒಂದು ಕೈ, ಅದನ್ನೂ ಕಟ್ಟುವುದು. ನನ್ನಿಂದ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದವನು ಡ್ಯೂಟಿ ಮುಗಿಸಿ ಬಂದ. ಬಾಗಿಲಲ್ಲಿ ನಿಂತು ನಳಿಗೆ ನೋಡಿದ. ಹೊರಗೆ ಹೋಗಿ ಟೆರೇಸು ನೋಡಿದ. ಅವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಬಂದು ಮೆಟ್ಟಿಲ ಮೇಲೆ ಕೂತ. ನಾನು ಚಹಾ ಕೊಟ್ಟೆ.

"ನಾನು ಆ ನಟ್ಟು ಅವತ್ತೇ ಹಾಕ್ಬೇಕಿತ್ತು ಅಕ್ಕಾ."

"ತಿರುಗಿಸು ಅಂದದ್ದು ನಾನು," ಎಂದೆ. "ಚಹಾ ಕುಡಿ."

ಹೊಸ ನಟ್ಟು ತಂದು, ಬಾಗಿದ ಕಡ್ಡಿಗಳನ್ನು ನೆಟ್ಟಗೆ ಮಾಡಿ, ಕಂಬ ನಿಲ್ಲಿಸಿ, ಆಂಟೆನಾವನ್ನು ಮತ್ತೆ ಇಲ್ಲಿಯ ಟವರಿನ ಕಡೆಗೆ ತಿರುಗಿಸಿದ. ನಾನು ಕೆಂಪು ಚುಕ್ಕೆ ಒತ್ತಿದೆ, ಕಂದು ಚುಕ್ಕೆ ಒತ್ತಿದೆ. ಪೆಟ್ಟಿಗೆ ಅದೇ ಎರಡು ಸಾಲು ಕೇಳಿತು. ಇದೇನು ಕೇಳುತ್ತದೆ ಎಂದು ಈ ಸಲ ಮಗಳನ್ನು ಕರೆದೆ. ಅವಳು ಓದಿದಳು. ಈಗ ಇರುವ ಚಾನೆಲ್ ಎಲ್ಲ ಅಳಿಸಿ ಹೊಸದಾಗಿ ಹುಡುಕಬೇಕಾ ಎಂದು ಕೇಳುತ್ತಿದೆ ಎಂದಳು. ಅಳಿಸಲು ಈಗ ಅದರೊಳಗೆ ಏನೂ ಇರಲಿಲ್ಲ. ನಡುವಿನದನ್ನು ಒತ್ತಿದೆ.

ಚಿತ್ರ ಬಂತು. ಇಲ್ಲಿಯ ಚಾನೆಲ್, ಯಾವುದೋ ಬಂದರು, ದೋಣಿಗಳು. ಹಬೆ ಇಲ್ಲ, ಗಾಳಿ ಇಲ್ಲ, ಚಳಿಗಾಲ ಬರುತ್ತಿತ್ತು, ಒಂದು ಚೌಕವೂ ಒಡೆಯಲಿಲ್ಲ. ನನ್ನ ಗಂಡ ತಲೆ ಎತ್ತಿದರು. ಮೂಗಿನ ಕಡೆ ಹೋಗುತ್ತಿದ್ದ ಎಡಗೈ ತೊಡೆಯ ಮೇಲೆ ಇಳಿಯಿತು. ಸಿರಿಂಜ್ ಎತ್ತಿ ಹಿಡಿದೆ, ಹಾಲು ಇಳಿಯತೊಡಗಿತು. ಕೈ ಅಲುಗಲಿಲ್ಲ. ಅಬ್ಬ ಎಂದುಕೊಂಡೆ.

ಆಗ ಅವರು ಬಾಯಿ ತೆರೆದರು.

ಪೂರ್ತಿ ತೆರೆದರು, ಮೊದಲಿನ ಹಾಗೆ. ಕಣ್ಣು ಸೆಟ್ಟಿನ ಮೇಲೆ. ಚಿತ್ರ ಕೆಡುತ್ತಿಲ್ಲ, ತುತ್ತು ಬರಬೇಕು. ಬರಲಿಲ್ಲ. ಮುಚ್ಚಿ ಮತ್ತೆ ತೆರೆದರು. ಮಗಳು ಎದ್ದು ಒಳಗೆ ಹೋದಳು.

"ಅಕ್ಕಾ, ಅವರಿಗೆ ಹಸಿವು ಉಂಟು," ಎಂದ ಪಕ್ಕದವನು.

"ಹೊಟ್ಟೆ ತುಂಬ್ತಾ ಉಂಟಲ್ಲ, ನೋಡು," ಎಂದೆ. ಕೈಯಲ್ಲಿ ಸಿರಿಂಜ್ ಇತ್ತು, ಇಳಿಸುವ ಹಾಗಿರಲಿಲ್ಲ.

ಈಗ ದಿನವೂ ಹೀಗೆಯೇ. ಟಿವಿ ಹಾಕದಿದ್ದರೆ ಕೈ ನಳಿಗೆ ಕೀಳುತ್ತದೆ. ಹಾಕಿದರೆ ಕೈ ಸುಮ್ಮನಾಗುತ್ತದೆ, ಬಾಯಿ ತೆರೆಯುತ್ತದೆ. ಎಂಜಲು ಗಲ್ಲದ ಮೇಲೆ ಇಳಿಯುತ್ತದೆ, ಒರೆಸುತ್ತೇನೆ. ಅದೂ ಒಳಗೆ ಹೋಗಬಾರದಂತೆ. ಕೊನೆಗೆ ಮಂಚದ ಪಟ್ಟಿ ತಟ್ಟುವುದನ್ನು ಅವರು ಬಿಟ್ಟಿದ್ದಾರೆ. ಕೊನೆಯ ತುತ್ತು ಯಾವುದು ಎಂದು ಅವರಿಗೆ ಹೇಗೆ ತಿಳಿಯಬೇಕು.

ಚಳಿಗಾಲದಲ್ಲಿ ಚಿತ್ರ ಒಮ್ಮೆಯೂ ಒಡೆಯುವುದಿಲ್ಲ. ಒಡೆಯಲಿ ಎಂದು ಈಗ ನಾನೇ ಕಾಯುತ್ತೇನೆ. ಹಾಲು ಪೂರ್ತಿ ಇಳಿದ ಮೇಲೆ ಸಿರಿಂಜ್ ಕೆಳಗಿಟ್ಟು, ಎದ್ದು, ಸೆಟ್ಟಿನ ಹಿಂದೆ ಕೈಹಾಕಿ ಆಂಟೆನಾದ ವೈರು ಕೀಳುತ್ತೇನೆ. ನೀಲಿ ಬರುತ್ತದೆ. ಅವರು "ಮಾಫಿ" ಎನ್ನುತ್ತಾರೆ. ಬಾಯಿ ಮುಚ್ಚುತ್ತಾರೆ.